ಬಾಟಲಿ ಮರಿಗೆ ಯಾವ ಹಾಲು? ಎಲ್ಲಿ ಖರ್ಚು ತಗ್ಗಿಸಬಹುದು, ಎಲ್ಲಿ ತಗ್ಗಿಸಬಾರದು

ತಾಯಿ ಮೇಕೆ ಸತ್ತಿರಬಹುದು. ಮೂರು ಮರಿ ಈದು ಎರಡಕ್ಕಷ್ಟೇ ಹಾಲು ಇರಬಹುದು. ಇಲ್ಲಾ ಕೆಚ್ಚಲು ಬಾವು ಬಂದು, ಮರಿ ಬಾಯಿ ಹಾಕಿದ ಕೂಡಲೇ ಒದ್ದು ಓಡಿಸುತ್ತಿರಬಹುದು. ಕಾರಣ ಏನೇ ಇರಲಿ, ಈಗ ನಿಮ್ಮ ಕೈಯಲ್ಲಿ ಎರಡು ಕೆಜಿ ತೂಕದ, ಕಿವಿ ಇನ್ನೂ ಒದ್ದೆ ಇರುವ ಒಂದು ತಬ್ಬಲಿ ಮರಿ ಇದೆ. ಬೆರಳು ಕೊಟ್ಟರೆ ಚೀಪುತ್ತದೆ. ಮೇಕೆ ಹಾಲು ಸಿಗುತ್ತಿಲ್ಲ, ಮರಿಗೆಂದೇ ತಯಾರಾಗುವ ಪುಡಿಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಏನು ಕುಡಿಸುವುದು?

ನನ್ನ ಮೊದಲ ಬಾಟಲಿ ಮರಿಯ ಮೇಲೆ ನಾನು ಮಾಡಿದ ಸಾಹಸ ಹೇಳಿಬಿಡುತ್ತೇನೆ. ಹಾಲು ಜಾಸ್ತಿ ದಿನ ಬರಲಿ ಅಂತ ಹಸುವಿನ ಹಾಲಿಗೆ ಅರ್ಧಕ್ಕರ್ಧ ನೀರು ಬೆರೆಸಿದೆ. ಮರಿ ಕುಡಿಯುತ್ತಿತ್ತು, ಹೊಟ್ಟೆಯೂ ತುಂಬಿದ ಹಾಗೆ ಕಾಣುತ್ತಿತ್ತು, ಆದರೆ ಹತ್ತು ದಿನ ಕಳೆದರೂ ತೂಕ ಏರಲಿಲ್ಲ. ಬೆನ್ನು ಸವರಿದರೆ ಮೂಳೆ ಒಂದೊಂದೇ ಕೈಗೆ ಸಿಗುತ್ತಿತ್ತು. ಆಮೇಲೆ ಭೇದಿ ಶುರುವಾಯಿತು, ಔಷಧಿ ತಂದೆ, ಉಳಿಸಿದ ದುಡ್ಡಿನ ಎರಡರಷ್ಟು ಅಲ್ಲೇ ಹೋಯಿತು. ಮರಿ ಬದುಕಿತು ನಿಜ, ಆದರೆ ಎರಡು ತಿಂಗಳಿಗೆ ಬಿಡಬೇಕಾದ ಬಾಟಲಿಯನ್ನು ಮೂರೂವರೆ ತಿಂಗಳು ಹಿಡಿದು ಕೂತೆ. ಖರ್ಚು ಕಡಿಮೆಯಾಗುವುದು ಹಾಲು ತೆಳ್ಳಗೆ ಮಾಡುವುದರಿಂದ ಅಲ್ಲ, ಹಾಲು ಕುಡಿಸುವ ದಿನಗಳು ಕಡಿಮೆಯಾಗುವುದರಿಂದ ಅಂತ ಆಗ ತಲೆಗೆ ಹೋಯಿತು. ಮರಿ ಬೇಗ ಬೆಳೆದು ಬೇಗ ಮೇವಿಗೆ ಬಂದಷ್ಟೂ ಒಟ್ಟು ಲೀಟರ್ ಕಡಿಮೆ.

ಮೊದಲು ಗಿಣ್ಣು

ಮೊದಲ ದಿನ ಯಾವ ಉಳಿತಾಯವೂ ಬೇಡ. ಮೇಕೆ ಮರಿ ಹುಟ್ಟುವಾಗ ರೋಗ ತಡೆಯುವ ಶಕ್ತಿ ಅದರ ರಕ್ತದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಗರ್ಭದಲ್ಲಿ ಇರುವಾಗ ತಾಯಿಯಿಂದ ಅದು ದಾಟುವುದಿಲ್ಲ. ಎಲ್ಲವೂ ಗಿಣ್ಣು ಹಾಲಿನಲ್ಲೇ ಬರಬೇಕು, ಅದೂ ಮರಿಯ ಕರುಳು ಅದನ್ನು ಹೀರಿಕೊಳ್ಳುವ ಸಮಯದಲ್ಲೇ ಬರಬೇಕು. ಹುಟ್ಟಿ ಒಂದೆರಡು ಗಂಟೆಯೊಳಗೆ ಕುಡಿಸಿದರೆ ಒಳ್ಳೆಯದು, ತೀರಾ ತಡ ಅಂದರೆ 6 ಗಂಟೆ. 12 ಗಂಟೆ ದಾಟಿದ ಮೇಲೆ ಹೀರುವುದು ತುಂಬಾ ಕಡಿಮೆಯಾಗುತ್ತದೆ, 24 ಗಂಟೆಗೆ ಬಾಗಿಲು ಮುಚ್ಚಿದ ಹಾಗೆ. ಅಳತೆ ಹೀಗಿಟ್ಟುಕೊಳ್ಳಿ: ಮರಿಯ ಒಂದು ಕೆಜಿ ತೂಕಕ್ಕೆ ಒಂದು ಸಲಕ್ಕೆ 50 ಮಿಲಿ, ಮೊದಲ ದಿನ ನಾಲ್ಕು ಸಲ. ಎರಡು ಕೆಜಿ ಮರಿಗೆ ಸಲಕ್ಕೆ 100 ಮಿಲಿ, ದಿನಕ್ಕೆ 400.

ತಾಯಿ ಬದುಕಿದ್ದು ಮರಿಯನ್ನು ಸೇರಿಸುತ್ತಿಲ್ಲ ಅಂದರೆ ಅವಳನ್ನು ಹಿಡಿದು ಕಟ್ಟಿ, ಗಿಣ್ಣು ಹಿಂಡಿ ಬಾಟಲಿಗೆ ಹಾಕಿ. ತಾಯಿ ಇಲ್ಲವೇ ಇಲ್ಲ ಅಂದರೆ ಅದೇ ದಿನ ಈದ ಇನ್ನೊಂದು ಮೇಕೆಯದು. ಅದೂ ಇಲ್ಲದಿದ್ದರೆ ಹಸುವಿನ ಗಿಣ್ಣು ನಡೆಯುತ್ತದೆ. ಅದು ಮೇಕೆಯದಷ್ಟು ಕೆಲಸ ಮಾಡುವುದಿಲ್ಲ, ಆದರೆ ಏನೂ ಇಲ್ಲದೆ ಇರುವುದಕ್ಕಿಂತ ಎಷ್ಟೋ ಪಾಲು ಮೇಲು. ಹಸುವಿನ ಗಿಣ್ಣು ಕುಡಿದ ಮರಿಗೆ ಅಪರೂಪಕ್ಕೆ ಒಂದೆರಡು ವಾರದ ಮೇಲೆ ರಕ್ತ ಕಡಿಮೆಯಾಗಿ ಒಸಡು ಬಿಳಿಚಿಕೊಳ್ಳುವುದುಂಟು. ಎರಡು ಮೂರು ಹಸುಗಳದನ್ನು ಬೆರೆಸಿದರೆ ಆ ಅಪಾಯ ತಗ್ಗುತ್ತದೆ.

ಮನೆಯಲ್ಲಿ ಮೇಕೆ ಸಾಕುವವರು ಯಾವಾಗಲೂ ಮಾಡಬಹುದಾದ ಕೆಲಸ ಒಂದಿದೆ. ಒಂಟಿ ಮರಿ ಈದ, ಹಾಲು ಜಾಸ್ತಿ ಇರುವ, ಆರೋಗ್ಯವಾಗಿರುವ ಮೇಕೆಯಿಂದ ಒಂದಿಷ್ಟು ಗಿಣ್ಣು ಹಿಂಡಿ ಸಣ್ಣ ಸಣ್ಣ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿಡಿ, ಮೇಲೆ ದಿನಾಂಕ ಬರೆಯಿರಿ. ಒಂದು ವರ್ಷ ಇರುತ್ತದೆ. ಬೇಕಾದಾಗ ಡಬ್ಬಿಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟು ಕರಗಿಸಿ. ಒಲೆಯ ಮೇಲೆ ಕಾಯಿಸಬೇಡಿ, ಮೈಕ್ರೋವೇವ್ ಅಂತೂ ಬೇಡವೇ ಬೇಡ. ಬಿಸಿ ಜಾಸ್ತಿಯಾದರೆ ಗಿಣ್ಣು ಒಡೆದು ಗಟ್ಟಿಯಾಗುತ್ತದೆ, ಅದರ ಜೊತೆಗೆ ಒಳಗಿರುವ ರೋಗ ತಡೆಯುವ ಅಂಶವೂ ಹಾಳಾಗುತ್ತದೆ.

ಹಾಲಿಗೆ ಮೊಟ್ಟೆ, ಎಣ್ಣೆ ಸೇರಿಸಿ ಮನೆಯಲ್ಲೇ ಗಿಣ್ಣು ಮಾಡುವ ಪಾಕಗಳು ಓಡಾಡುತ್ತಿರುತ್ತವೆ ಅಲ್ವಾ, ಅದರಲ್ಲಿ ಮರಿಗೆ ಶಕ್ತಿ ಸಿಗುತ್ತದೆ ಅಷ್ಟೇ. ರೋಗ ತಡೆಯುವ ಅಂಶ ಅದರಲ್ಲಿ ಇಲ್ಲ.

ಎರಡನೇ ದಿನದಿಂದ ಯಾವ ಹಾಲು

ಎಲ್ಲಕ್ಕಿಂತ ಅಗ್ಗದ ಹಾಲು ಇನ್ನೊಂದು ಮೇಕೆಯ ಕೆಚ್ಚಲಲ್ಲಿ ಇದೆ. ಬಾಟಲಿ ಕೊಳ್ಳುವ ಮೊದಲು ಆ ದಾರಿ ನೋಡಿ. ಒಂದೇ ಮರಿ ಇರುವ ಅಥವಾ ಮರಿ ಸತ್ತ ಮೇಕೆ ಸಿಕ್ಕರೆ, ಈದ ಹೊಸದರಲ್ಲೇ ಅದರ ಮಾಸು, ಲೋಳೆಯನ್ನು ನಿಮ್ಮ ಮರಿಯ ಬೆನ್ನಿಗೂ ಬಾಲದ ಬುಡಕ್ಕೂ ಸವರಿ. ಮೇಕೆ ಮರಿಯನ್ನು ಗುರುತು ಹಿಡಿಯುವುದು ಮೂಗಿನಿಂದ. ಎರಡು ಮೂರು ದಿನ ಕೊರಳಿಗೆ ಹಗ್ಗ ಹಾಕಿ ನಿಲ್ಲಿಸಿ ಕುಡಿಸಿದರೆ ಕೆಲವು ಒಪ್ಪಿಕೊಳ್ಳುತ್ತವೆ, ಕೆಲವು ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಒಪ್ಪದಿದ್ದರೆ ಹಟ ಮಾಡಬೇಡಿ, ಕೊಂಬಿನ ಏಟಿಗೆ ಮರಿಯ ಪಕ್ಕೆಲುಬು ತಡೆಯುವುದಿಲ್ಲ.

ಅದಾದ ಮೇಲೆ ನನ್ನ ಆಯ್ಕೆ ಕೆನೆ ತೆಗೆಯದ ಹಸುವಿನ ಹಾಲು. ಮೇಕೆ ಹಾಲಿನಲ್ಲಿ ಕೊಬ್ಬು ಸುಮಾರು 4%, ಪ್ರೋಟೀನ್ ಸುಮಾರು 3.4%. ಹಸುವಿನ ಹಾಲು ಇದಕ್ಕೆ ತೀರಾ ಹತ್ತಿರ. ಹಾಗಾಗಿ ಅದಕ್ಕೆ ಏನೂ ಸೇರಿಸಬೇಕಿಲ್ಲ, ನೀರನ್ನಂತೂ ಸೇರಿಸಲೇಬೇಡಿ. ಹಸಿ ಹಾಲಾದರೆ ಒಮ್ಮೆ ಕುದಿಸಿ ಆರಿಸಿ. ಕ್ಷಯ, ಬ್ರುಸೆಲ್ಲಾದಂಥ ರೋಗಗಳು ಹಸಿ ಹಾಲಿನಲ್ಲಿ ಬರುತ್ತವೆ, ಕುಡಿಸುವ ನಿಮ್ಮ ಕೈಗೂ ಅದು ಒಳ್ಳೆಯದಲ್ಲ. ಪ್ಯಾಕೆಟ್ ಹಾಲಾದರೆ ಕೊಬ್ಬು ಪೂರ್ತಿ ಇರುವುದನ್ನೇ ಆರಿಸಿ. ಕೆನೆ ತೆಗೆದ ಹಾಲು ಅಗ್ಗ ಅಂತ ಕೈ ಹೋಗುತ್ತದೆ, ಆದರೆ ಮರಿ ಮೈ ಬೆಚ್ಚಗಿಟ್ಟುಕೊಳ್ಳುವುದೇ ಆ ಕೊಬ್ಬಿನಿಂದ.

ಎಮ್ಮೆ ಹಾಲು ಬೇರೆ ಕತೆ. ಅದರಲ್ಲಿ ಕೊಬ್ಬು 6ರಿಂದ 8%, ಪ್ರೋಟೀನೂ ಹೆಚ್ಚು. ಹಾಗೇ ಕೊಟ್ಟರೆ ಕೆಲವು ಮರಿಗಳಿಗೆ ಹೊಟ್ಟೆ ಕೆಡುತ್ತದೆ. ನೀರು ಹಾಕಬೇಡಿ ಅಂತ ಇಷ್ಟು ಹೊತ್ತು ಹೇಳಿದವನು ಇಲ್ಲಿ ಮಾತ್ರ ಹಾಕಿ ಅನ್ನುತ್ತೇನೆ: ಮೂರು ಪಾಲು ಹಾಲು, ಒಂದು ಪಾಲು ಕುದಿಸಿ ಆರಿಸಿದ ನೀರು. ಕೊಬ್ಬು ಐದರ ಆಸುಪಾಸಿಗೆ, ಪ್ರೋಟೀನ್ ಮೇಕೆ ಹಾಲಿನ ಮಟ್ಟಕ್ಕೆ ಬರುತ್ತದೆ. ಹಸುವಿನ ಹಾಲೂ ಇದ್ದರೆ ಅರ್ಧ ಅರ್ಧ ಬೆರೆಸುವುದು ಇನ್ನೂ ಸುಲಭ. ಕುರಿ ಹಾಲೂ ಹೀಗೇ ಗಟ್ಟಿ.

ಹಾಲಿನ ಪುಡಿಯಲ್ಲಿ ತಪ್ಪು ಮಾಡುವವರೇ ಜಾಸ್ತಿ. ಕೆನೆ ಸಹಿತ ಹಾಲಿನ ಪುಡಿ, ಅಂದರೆ ಕೊಬ್ಬು 26%ರಷ್ಟು ಇರುವುದು, ಚೆನ್ನಾಗಿ ನಡೆಯುತ್ತದೆ. 130 ಗ್ರಾಂ ಪುಡಿಗೆ ನೀರು ಸೇರಿಸಿ ಒಟ್ಟು ಒಂದು ಲೀಟರ್ ಮಾಡಿದರೆ ಹೆಚ್ಚುಕಡಿಮೆ ಹಸುವಿನ ಹಾಲೇ ಆಗುತ್ತದೆ. ಟೀ ಕಾಫಿಗೆಂದು ಬರುವ ಡೇರಿ ವೈಟ್ನರ್ ಇದೇ ಥರ ಕಾಣುತ್ತದೆ, ಪಕ್ಕದಲ್ಲೇ ಇಟ್ಟಿರುತ್ತಾರೆ, ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಬೆರೆತಿರುತ್ತದೆ. ಮೇಕೆ ಮರಿಯ ಕರುಳಿನಲ್ಲಿ ನಾವು ತಿನ್ನುವ ಸಕ್ಕರೆಯನ್ನು ಒಡೆಯುವ ಕಿಣ್ವವೇ ಇಲ್ಲ. ಒಡೆಯದ ಸಕ್ಕರೆ ಕರುಳಿನ ಕೊನೆಯವರೆಗೂ ಹೋಗಿ ನೀರನ್ನು ಎಳೆದುಕೊಳ್ಳುತ್ತದೆ, ಮರುದಿನ ಬಾಲದ ಕೆಳಗೆಲ್ಲ ಹಳದಿ ನೀರು. ಬೆಲ್ಲವೂ ಅದೇ, ಸಿಹಿ ಹಾಕಿದ ಕಂಡೆನ್ಸ್ಡ್ ಹಾಲೂ ಅದೇ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ, ಸಕ್ಕರೆ ಅಂತ ಕಂಡರೆ ವಾಪಸ್ ಇಟ್ಟುಬಿಡಿ.

ಮಿಲ್ಕ್ ರಿಪ್ಲೇಸರ್, ಅಂದರೆ ತಾಯಿ ಹಾಲಿನ ಬದಲಿಗೆ ನೀರಲ್ಲಿ ಕಲಸಿ ಕೊಡುವ ಪುಡಿ, ಕೊಳ್ಳುವುದಾದರೆ ಮೇಕೆ ಮರಿಯದು ಮೊದಲ ಆಯ್ಕೆ, ಕುರಿಮರಿಯದು ಎರಡನೆಯದು. ಕರುಗಳಿಗೆಂದು ಬರುವುದು ಸಾಮಾನ್ಯವಾಗಿ ಅಗ್ಗ, ದೊಡ್ಡ ಚೀಲದಲ್ಲಿ ಬರುತ್ತದೆ, ಅದೂ ನಡೆಯುತ್ತದೆ, ಆದರೆ ಒಂದೆರಡು ನೋಡಿಕೊಳ್ಳಬೇಕು. ಪ್ರೋಟೀನ್ ಎಲ್ಲಿಂದ ಬಂದಿದೆ ಅನ್ನುವುದು ಒಂದು. ಹಾಲಿನ ಪುಡಿ, ಇಲ್ಲಾ ಹಾಲಿನಿಂದಲೇ ತೆಗೆದ ವೇ, ಕೇಸಿನ್ ಅಂತ ಇದ್ದರೆ ಸರಿ. ಸೋಯಾ, ಗೋಧಿ ಪ್ರೋಟೀನ್ ಮುಖ್ಯವಾಗಿದ್ದರೆ ಮೂರ್ನಾಲ್ಕು ವಾರದೊಳಗಿನ ಮರಿಗೆ ಬೇಡ. ಪ್ರೋಟೀನ್ ಮತ್ತು ಕೊಬ್ಬು ಎರಡೂ ಕನಿಷ್ಠ 20% ಇರಲಿ. ಇನ್ನೊಂದು, ಕರುವಿನ ಪುಡಿಗಳಲ್ಲಿ ಕೆಲವಕ್ಕೆ ಔಷಧಿ ಬೆರೆಸಿರುತ್ತಾರೆ. ಅಂಥದ್ದನ್ನು ಪಶುವೈದ್ಯರನ್ನು ಕೇಳದೆ ಮೇಕೆಗೆ ಹಾಕಬೇಡಿ. ಕಲಸುವಾಗ ಚಮಚದ ಲೆಕ್ಕ ಬಿಟ್ಟು ತೂಕ ಮಾಡಿ, ಚೀಲದ ಮೇಲೆ ಬರೆದಷ್ಟೇ ಹಾಕಿ. ಮುಕ್ಕಾಲು ನೀರಿಗೆ ಪುಡಿ ಹಾಕಿ, ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಲೀಟರ್ ಗೆರೆಗೆ ನೀರು ತುಂಬಿಸಿ. ಒಂದು ಲೀಟರ್ ನೀರಿಗೆ ಪುಡಿ ಹಾಕುವುದೂ ಪುಡಿ ಸೇರಿ ಒಂದು ಲೀಟರ್ ಮಾಡುವುದೂ ಬೇರೆ ಬೇರೆ. ಮೊದಲನೆಯದು ತೆಳ್ಳಗಾಗುತ್ತದೆ.

ಇನ್ನು ಜನ ಕೇಳುವ ಮಿಕ್ಕ ಹಾಲುಗಳು. ಮನುಷ್ಯರ ಶಿಶುಗಳ ಫಾರ್ಮುಲಾ ದುಬಾರಿ, ಸಾಲದ್ದಕ್ಕೆ ಪ್ರೋಟೀನ್ ಮೇಕೆ ಹಾಲಿನ ಅರ್ಧಕ್ಕಿಂತಲೂ ಕಡಿಮೆ. ನಮ್ಮ ಮಕ್ಕಳು ಹುಟ್ಟು ತೂಕದ ಎರಡರಷ್ಟಾಗಲು ನಾಲ್ಕೈದು ತಿಂಗಳು ತೆಗೆದುಕೊಳ್ಳುತ್ತವೆ, ಮೇಕೆ ಮರಿಗೆ ಮೂರ್ನಾಲ್ಕು ವಾರ ಸಾಕು. ಎರಡಕ್ಕೂ ಒಂದೇ ಹಾಲು ಹೇಗೆ ಸಾಕಾಗುತ್ತದೆ? ಸೋಯಾ ಹಾಲು, ಬಾದಾಮಿ ಹಾಲು, ತೆಂಗಿನ ಹಾಲು ಮರಿಯ ಹಾಲೇ ಅಲ್ಲ. ಗಂಜಿ ತಿಳಿ, ಹಿಟ್ಟು ಕದಡಿದ ನೀರು ಮೊದಲ ವಾರಗಳಲ್ಲಿ ಬೇಡ, ಪಿಷ್ಟ ಅರಗಿಸುವ ಶಕ್ತಿ ಆಗಿನ್ನೂ ಬಂದಿರುವುದಿಲ್ಲ. ಕೆಚ್ಚಲು ಬಾವು ಆದ ಹಸುವಿನ ಹಾಲು, ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲು ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಯಾಕೆ ಸಿಗುತ್ತಿದೆ ಅಂತ ಒಂದು ಕ್ಷಣ ಯೋಚಿಸಿ ಬಿಟ್ಟುಬಿಡಿ.

ಯಾವ ಹಾಲನ್ನೇ ಆರಿಸಿ, ಆರಿಸಿದ ಮೇಲೆ ಅದಕ್ಕೇ ಅಂಟಿಕೊಳ್ಳಿ. ಇವತ್ತು ಹಸು, ನಾಳೆ ಪುಡಿ, ನಾಡಿದ್ದು ಎಮ್ಮೆ ಅಂತ ಮಾಡಿದರೆ ಒಳ್ಳೆಯ ಹಾಲೇ ಆದರೂ ಹೊಟ್ಟೆ ಕೆಡುತ್ತದೆ. ಬದಲಾಯಿಸಲೇಬೇಕು ಅಂದರೆ ನಾಲ್ಕೈದು ದಿನ ತೆಗೆದುಕೊಂಡು, ಕಾಲು ಭಾಗ, ಅರ್ಧ, ಮುಕ್ಕಾಲು ಅಂತ ಬೆರೆಸುತ್ತಾ ಹೋಗಿ.

ಲೆಕ್ಕ ಹಾಕುವ ರೀತಿ

ಚೀಲದ ಬೆಲೆ ನೋಡಿ ದುಬಾರಿ ಅಗ್ಗ ಅನ್ನಬೇಡಿ. ಕಲಸಿದ ಒಂದು ಲೀಟರ್‌ಗೆ ಎಷ್ಟಾಯಿತು ನೋಡಿ. ಲೀಟರ್‌ಗೆ 150 ಗ್ರಾಂ ಹಾಕುವ ಪುಡಿಯಾದರೆ 10 ಕೆಜಿ ಚೀಲದಲ್ಲಿ 66 ಲೀಟರ್ ಆಗುತ್ತದೆ. ಚೀಲದ ಬೆಲೆಯನ್ನು 66ರಿಂದ ಭಾಗಿಸಿ, ಒಂದು ಲೀಟರ್ ಹಸುವಿನ ಹಾಲಿನ ಬೆಲೆಯ ಪಕ್ಕದಲ್ಲಿ ಇಡಿ. ಒಂದೇ ಮರಿ ಇದ್ದರೆ ಹಸುವಿನ ಹಾಲೇ ಗೆಲ್ಲಬಹುದು, ಯಾಕೆಂದರೆ ಚೀಲ ಒಡೆದರೆ ಪೂರ್ತಿ ಮುಗಿಯುವುದಿಲ್ಲ, ತೇವ ಹಿಡಿದು ಗಂಟು ಕಟ್ಟುತ್ತದೆ. ನಾಲ್ಕೈದು ಮರಿ ಇದ್ದರೆ ಪುಡಿಯ ಕಡೆ ನೋಡಬಹುದು.

ಒಟ್ಟು ಎಷ್ಟು ಬೇಕಾದೀತು? ಎರಡು ಕೆಜಿಗೆ ಹುಟ್ಟಿದ ಮರಿಯನ್ನು 8 ವಾರಕ್ಕೆ ಹಾಲು ಬಿಡಿಸಿದರೆ, ನನ್ನ ಅಳತೆಯಲ್ಲಿ ಸುಮಾರು 40 ಲೀಟರ್ ಆಗುತ್ತದೆ. ಅದೇ ಮರಿಯನ್ನು 12 ವಾರದವರೆಗೆ ದಿನಕ್ಕೊಂದು ಲೀಟರ್ ಕುಡಿಸುತ್ತಾ ಹೋದರೆ 70ರ ಹತ್ತಿರ. ಮೂವತ್ತು ಲೀಟರ್ ವ್ಯತ್ಯಾಸ! ಯಾವ ಅಗ್ಗದ ಪುಡಿಯೂ ಇಷ್ಟು ಉಳಿಸಿಕೊಡುವುದಿಲ್ಲ. ದೊಡ್ಡ ತಳಿಯ ಮರಿಗೆ ಎರಡೂ ಅಂಕಿ ಏರುತ್ತವೆ, ವ್ಯತ್ಯಾಸವೂ ಏರುತ್ತದೆ.

ಕುಡಿಸುವುದು ಹೇಗೆ

ಸಣ್ಣ ಮರಿಗೆ ಮಗುವಿನ ಬಾಟಲಿಯ ನಿಪ್ಪಲ್ ಸಾಕು, ವಾರ ಕಳೆದ ಮೇಲೆ ಅದನ್ನು ಅಗಿದು ಹರಿದುಬಿಡುತ್ತದೆ, ಆಗ ಕುರಿಮರಿಗಳದ್ದು ತನ್ನಿ. ತೂತು ಸರಿಯಿದೆಯಾ ಅಂತ ನೋಡಲು ಬಾಟಲಿಯನ್ನು ತಲೆಕೆಳಗು ಹಿಡಿಯಿರಿ. ಹಾಲು ಹನಿಹನಿಯಾಗಿ ಬೀಳಬೇಕು. ಧಾರೆಯಾಗಿ ಸುರಿದರೆ ತೂತು ದೊಡ್ಡದಾಗಿದೆ. ಬೇಗ ಕುಡಿಯಲಿ ಅಂತ ಕತ್ತರಿಯಿಂದ ತುದಿ ಕತ್ತರಿಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಹಾಲು ಮೈ ಬಿಸಿಯಷ್ಟು, ಅಂದರೆ 39 ಡಿಗ್ರಿ ಹತ್ತಿರ ಇರಲಿ. ಮುಂಗೈ ಒಳಗೆ ಒಂದು ಹನಿ ಬಿಟ್ಟರೆ ಸುಡಬಾರದು, ತಣ್ಣಗೂ ಅನ್ನಿಸಬಾರದು. ಮರಿ ತಣ್ಣಗಾಗಿದ್ದರೆ ಹಾಲು ಕೊಡುವ ಮೊದಲು ಮರಿಯನ್ನು ಬೆಚ್ಚಗೆ ಮಾಡಿ. ಅದರ ಬಾಯೊಳಗೆ ಬೆರಳಿಟ್ಟು ನೋಡಿ. ಒಳಗೆ ತಣ್ಣಗಿದ್ದು, ಬೆರಳು ಚೀಪದೆ ಸುಮ್ನೆ ಇದ್ದರೆ ಹಾಲು ಈಗ ಬೇಡ. ಮೈ ಬಿಸಿ 37 ಡಿಗ್ರಿಗಿಂತ ಕೆಳಗಿರುವ ಮರಿಯ ಹೊಟ್ಟೆ ಕೆಲಸ ಮಾಡುವುದಿಲ್ಲ, ನುಂಗುವುದೂ ಸರಿಯಾಗಿ ಆಗುವುದಿಲ್ಲ. ಒಣಬಟ್ಟೆಯಲ್ಲಿ ಉಜ್ಜಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟು, ಚೀಪುವುದು ವಾಪಸ್ ಬಂದ ಮೇಲೆ ಬಾಟಲಿ ಹಿಡಿಯಿರಿ.

ಈಗ ಭಂಗಿ. ನಾನು ಮೊದಲ ಸಲ ಮರಿಯನ್ನು ಮಗುವಿನ ಹಾಗೆ ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು, ತುಂಬಾ ಪ್ರೀತಿಯಿಂದ ಕುಡಿಸಿದೆ. ಎರಡು ಗುಟುಕು ಹೋಯಿತು, ಮೂರನೆಯದಕ್ಕೆ ಕೆಮ್ಮಿತು, ಎರಡೂ ಮೂಗಿನಿಂದ ಹಾಲು ಗುಳ್ಳೆಯಾಗಿ ಹೊರಬಂತು. ಎತ್ತಿ ತಲೆ ಕೆಳಗೆ ಮಾಡಿ ಬೆನ್ನು ತಟ್ಟಿದೆ, ಅವತ್ತು ಅದೃಷ್ಟ ಇತ್ತು. ಹಾಲು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ, ಅದು ಬಂದ ಮರಿ ಉಳಿಯುವುದು ಕಷ್ಟ.

ಮರಿ ನಾಲ್ಕು ಕಾಲಿನ ಮೇಲೆ ನಿಂತಿರಲಿ. ತಾಯಿಯ ಕೆಚ್ಚಲು ಇರುವ ಎತ್ತರದಲ್ಲಿ ಬಾಟಲಿ ಹಿಡಿಯಿರಿ. ಕತ್ತು ಮುಂದಕ್ಕೆ ಚಾಚಿ, ಗಲ್ಲ ಸ್ವಲ್ಪ ಮೇಲಕ್ಕೆ. ಇದರ ಹಿಂದೆ ಒಂದು ಚಂದದ ಏರ್ಪಾಡು ಇದೆ. ಮರಿ ಚೀಪುವಾಗ ಅನ್ನನಾಳದ ಕೊನೆಯಲ್ಲಿ ಒಂದು ಕಾಲುವೆ ಮಡಚಿಕೊಂಡು ಕೊಳವೆಯಾಗುತ್ತದೆ. ಹಾಲು ಮೆಲುಕಿನ ದೊಡ್ಡ ಹೊಟ್ಟೆಯನ್ನು ಮುಟ್ಟದೆ ನೇರ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಹಾಲು ಗಟ್ಟಿಕಟ್ಟಿ ನಿಧಾನವಾಗಿ ಅರಗುತ್ತದೆ. ಬಾಯಿಗೆ ಬಲವಂತವಾಗಿ ಸುರಿದರೆ ಆ ಕೊಳವೆ ಸರಿಯಾಗಿ ಮುಚ್ಚುವುದಿಲ್ಲ, ಹಾಲು ದೊಡ್ಡ ಹೊಟ್ಟೆಯಲ್ಲಿ ಬಿದ್ದು ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಆದ್ದರಿಂದ ಮರಿ ತಾನಾಗಿ ಚೀಪಬೇಕು. ಬಾಲ ಪಟಪಟ ಅಲ್ಲಾಡುತ್ತಿದ್ದರೆ ಎಲ್ಲ ಸರಿಯಾಗಿದೆ ಅಂತ ಲೆಕ್ಕ.

ನಿಪ್ಪಲ್ ಹಿಡಿಯದ ಮರಿಗೆ ಕಣ್ಣಿನ ಮೇಲೆ ನಿಮ್ಮ ಅಂಗೈ ಅಡ್ಡ ಇಟ್ಟು ಕತ್ತಲೆ ಮಾಡಿ. ತಾಯಿಯ ಹೊಟ್ಟೆಯ ಕೆಳಗೆ ಇರುವುದು ಅದೇ ಕತ್ತಲೆ. ಬಾಲದ ಬುಡವನ್ನು ಬೆರಳಿನಿಂದ ಕೆರೆಯಿರಿ, ತಾಯಿ ಅಲ್ಲೇ ಮೂಸಿ ನೆಕ್ಕುವುದು. ಮೊದಲ ದಿನ ಮೊಂಡು ಹಿಡಿದದ್ದು ಎರಡನೇ ದಿನ ನಿಮ್ಮ ಹೆಜ್ಜೆ ಸಪ್ಪಳಕ್ಕೇ ಅರಚಲು ಶುರು ಮಾಡುತ್ತದೆ.

ಬಾಟಲಿಯನ್ನು ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಬಿಸಿನೀರು, ಸೋಪು, ಬ್ರಷ್. ನೇರ ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನ್ ಗೋಡೆಗೆ ಅಂಟಿ ಕೂರುತ್ತದೆ. ನಿಪ್ಪಲ್ ಬಿಚ್ಚಿ ಒಳಮಡಿಕೆ ಉಜ್ಜಿ, ಭೇದಿ ಅಲ್ಲೇ ಅಡಗಿರುತ್ತದೆ.

ಎಷ್ಟು, ಎಷ್ಟು ಸಲ

ದಿನಕ್ಕೆ ಮರಿಯ ತೂಕದ 15ರಿಂದ 20%. ಎರಡು ಕೆಜಿ ಮರಿಗೆ ಮೊದಲ ವಾರ 300ರಿಂದ 400 ಮಿಲಿ, ನಾಲ್ಕು ಸಲಕ್ಕೆ ಹಂಚಿ. ಮೊದಲೆರಡು ರಾತ್ರಿ ಒಂದು ಸಲ ಎದ್ದರೆ ಇನ್ನೂ ಒಳ್ಳೆಯದು. ಎರಡನೇ ವಾರ ಮೂರು ಕೆಜಿ ಹತ್ತಿರ ಬಂದಾಗ 500ರಿಂದ 600, ನಿಧಾನವಾಗಿ ಮೂರು ಸಲಕ್ಕೆ ಇಳಿಸಿ. ಮೂರು ನಾಲ್ಕನೇ ವಾರ 700ರಿಂದ 800, ಐದು ಆರನೇ ವಾರ ಒಂದು ಲೀಟರ್, ಎರಡು ಮೂರು ಸಲ. ಅಲ್ಲಿಂದ ಮೇಲೆ ಏರಿಸಬೇಡಿ, ಮರಿ ಎಷ್ಟೇ ಅತ್ತರೂ. ಬಾಟಲಿ ಮರಿಗೆ ಸಾಕು ಅನ್ನುವುದು ಗೊತ್ತಿಲ್ಲ. ತಾಯಿ ಒಂದು ಸಲಕ್ಕೆ ಒಂದಿಷ್ಟೇ ಕೊಟ್ಟು ಹೆಜ್ಜೆ ಕಿತ್ತು ಹೋಗುತ್ತಾಳೆ, ನಾವು ಅದರ ಮುಖ ನೋಡಿ ಇನ್ನೊಂದು ಬಾಟಲಿ ಬೆಚ್ಚಗೆ ಮಾಡುತ್ತೇವೆ. ಹಸಿವಿಗಿಂತ ಹೆಚ್ಚು ಮರಿಗಳಿಗೆ ತೊಂದರೆಯಾಗುವುದು ಈ ಕರುಣೆಯಿಂದ.

ಹೊಟ್ಟೆ ನೋಡಿ ತಿಳಿಯಿರಿ. ಕುಡಿದಾದ ಮೇಲೆ ಮರಿಯ ಹಿಂದೆ ನಿಂತು ಪಕ್ಕೆಗಳ ಕೆಳಗೆ ಎರಡೂ ಅಂಗೈ ಇಡಿ. ಪಕ್ಕೆಲುಬಿನಿಂದ ಸೊಂಟದವರೆಗೆ ನೇರವಾಗಿ, ಮೆತ್ತಗೆ ಇದ್ದರೆ ಸರಿ. ಒಳಕ್ಕೆ ಗುಳಿ ಬಿದ್ದಿದ್ದರೆ ಇನ್ನೂ ಬೇಕು. ಆಚೆಗೆ ಉಬ್ಬಿ ಡೋಲಿನ ಹಾಗೆ ಬಿಗಿಯಾಗಿದ್ದರೆ ಜಾಸ್ತಿಯಾಯಿತು, ಮುಂದಿನ ಸಲ ಕಡಿಮೆ ಮಾಡಿ. ಪದೇ ಪದೇ ಉಬ್ಬರಿಸುವ ಮರಿಗೆ ಕಾಯಿಸಿ ಆರಿಸಿದ ಹಾಲಿಗೆ ಸ್ವಲ್ಪ ಮೊಸರು ಬೆರೆಸಿ ಹೆಪ್ಪಾಗಲು ಬಿಟ್ಟು, ಅದನ್ನು ಕದಡಿ ಕೊಟ್ಟರೆ ಎಷ್ಟೋ ಸಲ ನಿಲ್ಲುತ್ತದೆ.

ವಾರಕ್ಕೊಮ್ಮೆ ತೂಕ ನೋಡಿ, ಬೆಳಗಿನ ಹಾಲಿಗೆ ಮುಂಚೆ. ಮರಿಯನ್ನು ಕೈಚೀಲದಲ್ಲಿ ಕೂರಿಸಿ, ತಲೆ ಹೊರಗೆ ಬಿಟ್ಟು, ತೂಗು ತಕ್ಕಡಿಗೆ ಸಿಕ್ಕಿಸಿದರೆ ಆಯಿತು. ಅದು ಅರಚುತ್ತಾ ಒದ್ದಾಡುವಾಗ ಅಂಕಿ ಕುಣಿಯುತ್ತದೆ, ಒಂದು ಕ್ಷಣ ಅದರ ಕಣ್ಣನ್ನು ಕೈಯಿಂದ ಮುಚ್ಚಿದರೆ ನಿಲ್ಲುತ್ತದೆ. ದಿನಕ್ಕೆ 100 ಗ್ರಾಂ ಆಸುಪಾಸು ಏರುತ್ತಿದ್ದರೆ ಚೆನ್ನ. ಸಣ್ಣ ತಳಿಗೆ ಇನ್ನೂ ಕಡಿಮೆ ಇರಬಹುದು. ಎರಡು ವಾರ ಏರದೇ ಇದ್ದರೆ ಹಾಲು ತೆಳ್ಳಗಿದೆ, ಇಲ್ಲಾ ಹೊಟ್ಟೆಯೊಳಗೆ ಏನೋ ಇದೆ.

ಭೇದಿ ಆದರೆ

ಮೊದಲ ಹಿಕ್ಕೆ ಕಪ್ಪಗೆ ಅಂಟಂಟಾಗಿ ಇರುತ್ತದೆ, ಅದು ಸಹಜ. ಆಮೇಲೆ ಹಳದಿ ಮುದ್ದೆ, ಮೇವು ತಿನ್ನಲು ಕಲಿತಂತೆ ಉಂಡೆ. ನೀರಾದರೆ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಜಾಸ್ತಿ ಕೊಟ್ಟೆನಾ, ಹಾಲು ಬದಲಾಯಿತಾ, ತಣ್ಣಗಿತ್ತಾ, ಬಾಟಲಿ ತೊಳೆದಿದ್ದೆನಾ? ಹಾಲಿನ ಅಳತೆ ಒಂದು ದಿನದ ಮಟ್ಟಿಗೆ ತಗ್ಗಿಸಿ, ಎರಡು ಹಾಲಿನ ನಡುವೆ ಓಆರ್‌ಎಸ್ ನೀರು ಕೊಡಿ. ಅದನ್ನು ಹಾಲಿಗೆ ಬೆರೆಸಬೇಡಿ, ಹಾಲು ನಾಲ್ಕನೇ ಹೊಟ್ಟೆಯಲ್ಲಿ ಗಟ್ಟಿಕಟ್ಟುವುದು ಕೆಡುತ್ತದೆ. ಸಕ್ಕರೆ ಉಪ್ಪು ಕದಡಿದ ಮನೆಯ ನೀರು ಬೇಡ, ಯಾಕೆ ಅಂತ ಆಗಲೇ ಹೇಳಿದೆ. ಗ್ಲೂಕೋಸ್ ಇರುವುದೇ ಆಗಬೇಕು. ಹಾಲನ್ನು ಪೂರ್ತಿ ನಿಲ್ಲಿಸಿ ದಿನಗಟ್ಟಲೆ ನೀರಿನ ಮೇಲೆ ಇಟ್ಟರೆ ಮರಿ ಹಸಿವಿನಿಂದಲೇ ಸಾಯುತ್ತದೆ.

ರಕ್ತ ಕಂಡರೆ, ಮರಿ ಎದ್ದು ನಿಲ್ಲದಿದ್ದರೆ, ಚೀಪುವುದು ಬಿಟ್ಟರೆ, ಕಣ್ಣು ಗುಳಿ ಬಿದ್ದರೆ ತಡ ಮಾಡದೆ ಪಶುವೈದ್ಯರ ಹತ್ತಿರ ಹೋಗಿ. ಮೂರು ವಾರ ದಾಟಿದ ಮರಿಗೆ ಬಿಡದೆ ಭೇದಿ ಇದ್ದರೆ ಕಾಕ್ಸಿಡಿಯಾ ಅನ್ನುವ ಪರಾವಲಂಬಿ ಇರಬಹುದು, ಅದಕ್ಕೆ ಬೇರೆಯೇ ಔಷಧಿ. ಭೇದಿ ಏನೂ ಇಲ್ಲದೆ ಮೂರರಿಂದ ಹತ್ತು ದಿನದ ಮರಿ ಇದ್ದಕ್ಕಿದ್ದಂತೆ ಕಾಲಲ್ಲಿ ಬಲವಿಲ್ಲದೆ ಬಟ್ಟೆಯ ಹಾಗೆ ಜೋತುಬಿದ್ದರೆ ಅದೂ ತುರ್ತು. ಹಾಲು ನಿಲ್ಲಿಸಿ, ಪಶುವೈದ್ಯರನ್ನು ಕರೆಯಿರಿ.

ಬೇಗ ಮೇವಿಗೆ ತರುವುದು

ಮೊದಲ ವಾರದಿಂದಲೇ ಶುದ್ಧ ನೀರು, ಎಳೆಯ ಒಣಹುಲ್ಲು ಮುಂದೆ ಇರಲಿ. ಹಾಲೇ ನೀರಲ್ವಾ, ಬೇರೆ ನೀರು ಯಾಕೆ ಅನ್ನುತ್ತಾರೆ. ಹಾಲು ದೊಡ್ಡ ಹೊಟ್ಟೆಗೆ ಹೋಗುವುದೇ ಇಲ್ಲ ಅಂತ ಮೇಲೆ ನೋಡಿದೆವಲ್ಲ? ಅಲ್ಲಿ ಮೇವು ಹುಳಿಯಲು, ಮೆಲುಕಿನ ಸೂಕ್ಷ್ಮಜೀವಿಗಳು ಬೆಳೆಯಲು ನೀರು ಬೇಕು, ಅದು ಬಟ್ಟಲಿನಿಂದಲೇ ಬರಬೇಕು.

ಹತ್ತು ಹದಿನೈದು ದಿನಕ್ಕೆ ಮರಿಗಳ ಹಿಂಡಿ ಶುರು ಮಾಡಿ, ಪ್ರೋಟೀನ್ 16ರಿಂದ 18% ಇರುವುದು. ದೊಡ್ಡ ದನಗಳ ಹಿಂಡಿಯಲ್ಲಿ ಯೂರಿಯಾ ಇರಬಹುದು, ಅದು ಮರಿಗೆ ವಿಷ, ಚೀಲ ನೋಡಿ ತನ್ನಿ. ಮೊದಲು ಒಂದು ಚಿಟಿಕೆ. ಹಾಲು ಕುಡಿದು ಬಾಯಿ ಇನ್ನೂ ಚೀಪುವ ಗುಂಗಿನಲ್ಲಿ ಇರುವಾಗ ಬೆರಳಿಗೆ ಹಿಂಡಿ ಅಂಟಿಸಿ ಬಾಯಿಗಿಡಿ. ಉಗುಳುತ್ತದೆ. ಮೂರನೇ ದಿನ ಅಗಿಯುತ್ತದೆ. ಉಳಿದದ್ದನ್ನು ದಿನಾ ತೆಗೆದು ಹೊಸದು ಹಾಕಿ, ಜೊಲ್ಲು ಹಿಡಿದ ಹಿಂಡಿಯನ್ನು ಮರಿ ಮೂಸಿಯೂ ನೋಡುವುದಿಲ್ಲ. ಧಾನ್ಯ ಹುಳಿತಾಗ ಬರುವ ಆಮ್ಲಗಳೇ ದೊಡ್ಡ ಹೊಟ್ಟೆಯ ಒಳಗೋಡೆಯನ್ನು ಬೆಳೆಸುವುದು, ಹುಲ್ಲೊಂದರಿಂದ ಅಷ್ಟು ಬೇಗ ಆಗುವುದಿಲ್ಲ. ಇನ್ನೊಂದು ಮರಿ ಜೊತೆಗಿದ್ದರೆ ನೋಡಿ ಕಲಿಯುತ್ತದೆ, ಒಂಟಿ ಮರಿ ತಡ.

ಏಳನೇ ವಾರದಿಂದ ಹಾಲು ಇಳಿಸಿ. ಮಧ್ಯಾಹ್ನದ ಬಾಟಲಿ ಮೊದಲು ಹೋಗಲಿ, ಆಮೇಲೆ ರಾತ್ರಿಯದು ಅರ್ಧ, ಕೊನೆಗೆ ಬೆಳಗಿನದು. ಆದರೆ ವಾರ ಎಣಿಸಿ ಬಿಡಿಸಬೇಡಿ. ಮರಿ ಹುಟ್ಟು ತೂಕದ ಮೂರರಷ್ಟು ಹತ್ತಿರ ಬಂದಿದೆಯಾ, ದಿನಕ್ಕೆ ನೂರು ಗ್ರಾಂನಷ್ಟಾದರೂ ಹಿಂಡಿ ತಿನ್ನುತ್ತಿದೆಯಾ, ಮಲಗಿದಾಗ ಮೆಲುಕು ಹಾಕುತ್ತಿದೆಯಾ, ಇಷ್ಟು ನೋಡಿ. ಮೂರಕ್ಕೂ ಹೌದು ಅಂದರೆ 8 ವಾರ ಸಾಕು. ಇಲ್ಲ ಅಂದರೆ ಇನ್ನೊಂದೆರಡು ವಾರ ಒಂದು ಹೊತ್ತಿನ ಬಾಟಲಿ ಇಟ್ಟುಕೊಳ್ಳಿ. ಹಿಂಡಿಯನ್ನು ಒಮ್ಮೆಲೇ ಏರಿಸಬೇಡಿ, ಕರುಳು ನಂಜು ಬರುವುದು ಆಗಲೇ. ಅದರ ಲಸಿಕೆ ಈ ಹೊತ್ತಿಗೆ ಆಗಿರಬೇಕು, ಪಶುವೈದ್ಯರನ್ನು ಮೊದಲೇ ಕೇಳಿಡಿ.

ಬಾಟಲಿ ನಿಲ್ಲಿಸಿದ ಮೂರ್ನಾಲ್ಕು ದಿನ ಅರಚಾಟ ಇರುತ್ತದೆ, ಅಂಗಿಯ ಗುಂಡಿ ಚೀಪುತ್ತದೆ, ಮೊಣಕಾಲಿಗೆ ಗುದ್ದುತ್ತದೆ. ಗಂಡು ಮರಿಯಾದರೆ ಆ ಗುದ್ದನ್ನು ಆಟ ಅಂತ ಮಾಡಬೇಡಿ, ನಲವತ್ತು ಕೆಜಿ ಆದ ಮೇಲೂ ಅದು ಅದನ್ನೇ ಆಡುತ್ತದೆ. ಒಂದು ವಾರ ಬಿಟ್ಟು ಮತ್ತೆ ಚೀಲದಲ್ಲಿ ಕೂರಿಸಿ ತೂಗಿ. ಮೊದಲ ಕೆಲವು ದಿನ ಸ್ವಲ್ಪ ಇಳಿದು ಮತ್ತೆ ಅಷ್ಟಕ್ಕೇ ಬಂದಿದ್ದರೆ ಬಾಟಲಿ ತೊಳೆದು ಎತ್ತಿಡಿ. ಇನ್ನೂ ಇಳಿಯುತ್ತಲೇ ಇದ್ದರೆ ಬೆಳಗ್ಗೆ ಒಂದು ಬಾಟಲಿ ಮತ್ತೆ ಶುರು ಮಾಡಿ.